ಕೂತಲ್ಲಿ ಕೂರದ ಮಗುವಿಗಾಗಿ ತಂದೆತಾಯಿಯ ತರಬೇತಿ

ನಾಲ್ಕು ವರ್ಷದ ಮಗುವಿಗೆ ಎಡಿಎಚ್‌ಡಿ, ಅಂದರೆ ಗಮನದ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ ಇರಬಹುದು ಎಂದು ವೈದ್ಯರು ಹೇಳಿದಾಗ ಹೆಚ್ಚಿನ ತಂದೆತಾಯಿ ಎರಡರಲ್ಲಿ ಒಂದನ್ನು ನಿರೀಕ್ಷಿಸುತ್ತಾರೆ: ಒಂದು ಔಷಧಿ ಚೀಟಿ, ಇಲ್ಲವೇ ವಾರಕ್ಕೊಮ್ಮೆ ಮಗುವನ್ನು ಒಳಗೆ ಕರೆದುಕೊಂಡು ಸರಿಮಾಡಿ ಕಳಿಸುವ ಥೆರಪಿಸ್ಟ್. ಎರಡೂ ಸಿಗದೆ 'ನೀವಿಬ್ಬರೂ ತರಬೇತಿಗೆ ಬನ್ನಿ' ಎಂಬ ಮಾತು ಕೇಳಿಬಂದರೆ, ತಪ್ಪೆಲ್ಲ ನಮ್ಮ ಸಾಕಣೆಯದೇ ಎನ್ನುತ್ತಿದ್ದಾರೇನೋ ಎಂಬ ನೋವಿನಲ್ಲಿ ಮನೆಗೆ ಮರಳುತ್ತಾರೆ.

ಆ ಮಾತಿನಲ್ಲಿ ಆರೋಪವೇನೂ ಇಲ್ಲ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2019ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯು ನಾಲ್ಕು ತುಂಬಿ ಆರು ತುಂಬದ ಮಕ್ಕಳಿಗೆ ಮೊದಲ ಚಿಕಿತ್ಸೆಯಾಗಿ ತಂದೆತಾಯಿಯ ತರಬೇತಿಯನ್ನೇ ಸೂಚಿಸುತ್ತದೆ. ಬ್ರಿಟನ್ನಿನಲ್ಲಿ ಚಿಕಿತ್ಸೆಯ ಮಾರ್ಗಸೂಚಿ ರೂಪಿಸುವ ನೈಸ್ ಸಂಸ್ಥೆಯ 2018ರ ಮಾರ್ಗಸೂಚಿಯೂ ಐದು ವರ್ಷದೊಳಗಿನವರಿಗೆ ಮೊದಲು ಪೋಷಕರ ಗುಂಪು ತರಬೇತಿಯನ್ನು ಕೊಡಬೇಕೆನ್ನುತ್ತದೆ. ಇದರ ಹಿಂದಿನ ಕಾರಣ ಸರಳವಾಗಿದೆ. ಈ ಮಕ್ಕಳಿಗೆ ನಿಯಮ ಚೆನ್ನಾಗಿಯೇ ಗೊತ್ತಿರುತ್ತದೆ, ಆದರೆ ಬೇಕಾದ ಗಳಿಗೆಯಲ್ಲಿ ಅದು ಕೈಗೆ ಸಿಗುವುದಿಲ್ಲ. ಶನಿವಾರ ಕ್ಲಿನಿಕ್ಕಿನಲ್ಲಿ ಕಲಿತದ್ದು ಸೋಮವಾರ ಬೆಳಗ್ಗೆ ಬಚ್ಚಲುಮನೆಯ ಬಾಗಿಲಲ್ಲಿ ನೆನಪಾಗುವುದಿಲ್ಲ. ಆ ಬಾಗಿಲಲ್ಲಿ ಟವೆಲ್ ಹಿಡಿದು ನಿಂತಿರುವವರು ತಾಯಿಯೋ ತಂದೆಯೋ ಅಜ್ಜಿಯೋ ಆಗಿರುವುದರಿಂದ, ಕಲಿಸಬೇಕಾದದ್ದನ್ನು ಅವರಿಗೇ ಕಲಿಸುವುದು ವಾಸಿ.

ತರಬೇತಿಯಿಂದ ಏನನ್ನು ನಿರೀಕ್ಷಿಸಬಹುದು ಎಂಬುದನ್ನೂ ಆರಂಭದಲ್ಲೇ ಹೇಳಿಬಿಡಬೇಕು. ತರಬೇತಿ ಪಡೆದ ಪೋಷಕರನ್ನೇ ಕೇಳಿದರೆ ಮಗುವಿನ ಚಂಚಲತೆ ತಗ್ಗಿದೆ ಎನ್ನುತ್ತಾರೆ. ಯಾರು ತರಬೇತಿ ಪಡೆದಿದ್ದಾರೆಂದು ಗೊತ್ತಿಲ್ಲದ ಹೊರಗಿನವರು ಅಳೆದಾಗ ಆ ಇಳಿಕೆ ಬಹಳ ಚಿಕ್ಕದಾಗಿ ಕಾಣುತ್ತದೆ ಎಂದು 2013 ಮತ್ತು 2014ರಲ್ಲಿ ಪ್ರಕಟವಾದ ಎರಡು ಸಂಯುಕ್ತ ವಿಶ್ಲೇಷಣೆಗಳು, ಅಂದರೆ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ವರದಿಗಳು, ತೋರಿಸಿವೆ. ಹೊರಗಿನವರ ಕಣ್ಣಿಗೂ ಸ್ಪಷ್ಟವಾಗಿ ಸುಧಾರಿಸಿ ಕಂಡದ್ದು ಮಗುವಿನ ಹಠ ಮತ್ತು ಎದುರುತ್ತರ, ಹಾಗೂ ದೊಡ್ಡವರು ಮಗುವಿನೊಡನೆ ನಡೆದುಕೊಳ್ಳುವ ರೀತಿ. ಅಂದರೆ ತರಬೇತಿಯ ನಂತರವೂ ಮಗು ಓಡುತ್ತದೆ. ಮನೆಯ ಜಗಳ ಕಡಿಮೆಯಾಗುತ್ತದೆ. ಈ ವಯಸ್ಸಿನಲ್ಲಿ ಅದು ಸಣ್ಣ ಲಾಭವಲ್ಲ ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಓಡಾಟ ವಯಸ್ಸಿನೊಡನೆ ತಾನೇ ಒಂದಿಷ್ಟು ಇಳಿಯುತ್ತದೆ, ಬೈಗುಳದಲ್ಲಿ ಬೆಳೆದ ಸಂಬಂಧ ಮಾತ್ರ ತಾನಾಗಿ ಸರಿಹೋಗುವುದಿಲ್ಲ.

ತೊಡಗುವ ಮುನ್ನ

ಮೂರು ವರ್ಷದ ಮಕ್ಕಳೆಲ್ಲ ಓಡುತ್ತಾರೆ, ಮರೆಯುತ್ತಾರೆ, ತಾಳ್ಮೆಗೆಡುತ್ತಾರೆ. ಇದನ್ನು ತೊಂದರೆಯೆಂದು ಗುರುತಿಸಬೇಕಾದರೆ ಲಕ್ಷಣಗಳು ಕನಿಷ್ಠ ಆರು ತಿಂಗಳಿನಿಂದ ಇರಬೇಕು, ಮನೆ ಮತ್ತು ಅಂಗನವಾಡಿಯಂಥ ಎರಡು ಕಡೆಗಳಲ್ಲಾದರೂ ಕಾಣಬೇಕು, ಓರಗೆಯ ಮಕ್ಕಳಿಗಿಂತ ಎದ್ದುಕಾಣುವಷ್ಟು ಹೆಚ್ಚಾಗಿದ್ದು ಮಗುವಿನ ಆಟಪಾಠಕ್ಕೆ ಅಡ್ಡಿಯಾಗಬೇಕು. ಶಾಲೆಯಲ್ಲಿ ಸುಮ್ಮನಿದ್ದು ಮನೆಯಲ್ಲಿ ಮಾತ್ರ ರಂಪ ಮಾಡುವ ಮಗುವಿನ ಕಥೆ ಸಾಮಾನ್ಯವಾಗಿ ಬೇರೆಯೇ ಇರುತ್ತದೆ.

ಜೊತೆಗೆ ಕಿವಿಯ ಪರೀಕ್ಷೆಯನ್ನು ತಪ್ಪದೆ ಮಾಡಿಸಿ. ಪದೇ ಪದೇ ಶೀತವಾಗಿ ಕಿವಿಯ ಒಳಗೆ ದ್ರವ ತುಂಬಿಕೊಂಡ ಮಗು ಕರೆದರೆ ಓಗೊಡುವುದಿಲ್ಲ. ಅದು ಅಲಕ್ಷ್ಯದಂತೆ ಕಾಣುತ್ತದೆ. ಗೊರಕೆ ಹೊಡೆದು, ಬಾಯಿಯಲ್ಲಿ ಉಸಿರಾಡುತ್ತ, ರಾತ್ರಿಯಿಡೀ ನಿದ್ದೆ ಮುರಿದುಕೊಂಡ ಮಗು ಹಗಲಿನಲ್ಲಿ ತೂಕಡಿಸುವ ಬದಲು ಕುಣಿದಾಡುವುದುಂಟು. ರಕ್ತಹೀನತೆ, ಮಾತು ತಡವಾಗಿರುವುದು, ಮನೆಯಲ್ಲಿ ನಡೆಯುತ್ತಿರುವ ಕಲಹ, ಇವೂ ಇದೇ ವೇಷದಲ್ಲಿ ಬರಬಹುದು. ತರಗತಿಯಲ್ಲಿ ಎಲ್ಲರಿಗಿಂತ ಚಿಕ್ಕ ಮಕ್ಕಳಿಗೆ ಈ ಹಣೆಪಟ್ಟಿ ಹೆಚ್ಚಾಗಿ ಬೀಳುತ್ತದೆ ಎಂಬುದು ಹಲವು ದೇಶಗಳಲ್ಲಿ ಕಂಡುಬಂದ ಸಂಗತಿ. ಒಂದನೇ ತರಗತಿಗೆ ಆರು ವರ್ಷ ತುಂಬಿರಬೇಕೆಂಬ ನಿಯಮವನ್ನು ಕರ್ನಾಟಕ ಸರ್ಕಾರ 2025–26ನೇ ಸಾಲಿಗೆ ಐದು ವರ್ಷ ಐದು ತಿಂಗಳಿಗೆ ಸಡಿಲಿಸಿದಾಗ ಎಷ್ಟೋ ಪೋಷಕರು ನಿರಾಳವಾಗಿ ಉಸಿರುಬಿಟ್ಟರು. ಆದರೆ ಚಂಚಲ ಮಗುವನ್ನು ಒಂದು ವರ್ಷ ತಡವಾಗಿ ಸೇರಿಸುವುದರಿಂದ ಕಳೆದುಕೊಳ್ಳುವುದೇನೂ ಇಲ್ಲ.

ಮೊದಲ ಹೆಜ್ಜೆ: ಒಂದು ವಾರ ಬರೆದಿಡಿ

ಮೊದಲ ವಾರ ಏನನ್ನೂ ಬದಲಿಸಬೇಡಿ. ಒಂದು ನೋಟ್‌ಬುಕ್ಕಿನಲ್ಲಿ ಮೂರು ಅಂಕಣಗಳಾಗುವಂತೆ ಗೆರೆ ಎಳೆದು, ಪ್ರತಿ ರಗಳೆಯ ಮುಂಚೆ ಏನಿತ್ತು, ಮಗು ಏನು ಮಾಡಿತು, ಆಮೇಲೆ ನೀವೇನು ಮಾಡಿದಿರಿ ಎಂದು ಬರೆಯಿರಿ. ಶಾಲೆಗೆ ಹೊರಡುವ ಹೊತ್ತಿನ ಒಂದು ಪುಟ ಹೀಗಿರಬಹುದು: ಎಂಟೂ ಹತ್ತಕ್ಕೆ ತಾಯಿ ಅಡುಗೆಮನೆಯಿಂದಲೇ 'ಶೂ ಹಾಕ್ಕೋ' ಎಂದು ಕೂಗುತ್ತಾರೆ, ಟಿವಿಯಲ್ಲಿ ಕಾರ್ಟೂನ್ ಓಡುತ್ತಿದೆ, ಮಗು ಒಂದು ಶೂ ಕೈಗೆತ್ತಿಕೊಂಡು ಅದನ್ನೇ ಕಾರು ಮಾಡಿಕೊಂಡು ಸೋಫಾದ ಕೆಳಗೆ ಓಡಿಸುತ್ತದೆ. ಎರಡನೆಯ ಕೂಗು, ಮೂರನೆಯ ಕೂಗು. ಎಂಟೂ ಇಪ್ಪತ್ತಕ್ಕೆ ವ್ಯಾನಿನ ಹಾರ್ನ್ ಕೇಳಿಸುತ್ತದೆ, ತಾಯಿ ಬಂದು ಬೆನ್ನಿಗೊಂದು ಕೊಟ್ಟು ತಾವೇ ಶೂ ತೊಡಿಸುತ್ತಾರೆ.

ಈ ಪುಟವನ್ನು ಸಂಜೆ ತಣ್ಣಗೆ ಕೂತು ಓದಿದರೆ ಕೆಲವು ವಿಷಯ ಕಣ್ಣಿಗೆ ಬೀಳುತ್ತವೆ. ಮೂರು ಸಲ ಕೂಗಿದರೂ ಏನೂ ಆಗುವುದಿಲ್ಲವೆಂಬುದನ್ನು ಮಗು ಕಲಿತಿದೆ. ಕೊನೆಗೆ ಅಮ್ಮನೇ ತೊಡಿಸುತ್ತಾಳೆಂಬುದನ್ನೂ ಕಲಿತಿದೆ. ಹೊಡೆದ ತಕ್ಷಣ ಕೆಲಸ ನಡೆಯಿತೆಂದು ತಾಯಿಯೂ ಕಲಿತಿದ್ದಾರೆ. ಹೀಗೆ ಇಬ್ಬರೂ ಒಬ್ಬರಿಗೊಬ್ಬರು ಪಾಠ ಹೇಳಿಕೊಡುತ್ತ ಜಗಳ ಬಲಿಯುವ ಬಗೆಯನ್ನು ಅಮೆರಿಕದ ಒರೆಗಾನ್‌ನಲ್ಲಿ ಜೆರಾಲ್ಡ್ ಪ್ಯಾಟರ್ಸನ್ ಎಂಬ ಮನೋವಿಜ್ಞಾನಿ ದಶಕಗಳ ಕಾಲ ಮನೆಮನೆಗಳಲ್ಲಿ ಗಮನಿಸಿ ವಿವರಿಸಿದರು. ತರಬೇತಿಯ ಬಹುಪಾಲು ಆ ಸುತ್ತನ್ನು ಎಲ್ಲಿ ಮುರಿಯಬೇಕು ಎಂಬುದರ ಬಗ್ಗೆಯೇ ಇದೆ.

ಎರಡನೆಯ ಹೆಜ್ಜೆ: ದಿನಕ್ಕೆ ಹತ್ತು ನಿಮಿಷ ಮಗುವಿನ ಯಜಮಾನಿಕೆ

ಎಲ್ಲರೂ ಹಾರಿಸಿಬಿಡುವ ಹೆಜ್ಜೆ ಇದು. ಶಿಸ್ತು ಕಲಿಸಲು ಬಂದವರಿಗೆ ಆಟವಾಡಿ ಎಂದರೆ ಸಮಯ ಹಾಳೆನಿಸುತ್ತದೆ. ಆದರೆ ಅದೇ ಒರೆಗಾನ್‌ನಲ್ಲಿ ಕಾನ್‌ಸ್ಟನ್ಸ್ ಹ್ಯಾನ್ಫ್ ಎಂಬ ಮನೋವಿಜ್ಞಾನಿ 1960ರ ದಶಕದಲ್ಲಿ ರೂಪಿಸಿದ ಪೋಷಕರ ತರಬೇತಿಯ ಕ್ರಮದಲ್ಲಿಯೂ, ಅದರಿಂದ ಕವಲೊಡೆದ ಇಂದಿನ ಹೆಸರಾಂತ ಕಾರ್ಯಕ್ರಮಗಳಲ್ಲಿಯೂ ಮಗುವಿನ ಮುಂದಾಳತ್ವದ ಆಟ ಮೊದಲು, ಅಪ್ಪಣೆ ಆಮೇಲೆ. ದಿನವಿಡೀ 'ಬೇಡ', 'ಬಿಡು', 'ಇಳಿ' ಎಂದಷ್ಟೇ ಕೇಳಿದ ಮಗುವಿಗೆ ನಿಮ್ಮ ಮೆಚ್ಚುಗೆ ಬೆಲೆಯಿಲ್ಲದ ನಾಣ್ಯವಾಗಿರುತ್ತದೆ. ಅದಕ್ಕೆ ಮೊದಲು ಬೆಲೆ ಬರಬೇಕು.

ಪ್ರತಿದಿನ ಒಂದೇ ಹೊತ್ತಿನಲ್ಲಿ, ಮೊಬೈಲನ್ನು ಬೇರೆ ಕೋಣೆಯಲ್ಲಿಟ್ಟು, ನೆಲದ ಮೇಲೆ ಮಗುವಿನ ಪಕ್ಕದಲ್ಲಿ ಕೂರಿ. ಆಟ ಮಗುವಿನ ಆಯ್ಕೆ: ಮರದ ತುಂಡು, ಬಳಪ, ಅಡುಗೆಮನೆಯ ಹಳೆಯ ಡಬ್ಬಿ, ಏನಾದರೂ ಸರಿ. ಗೆಲುವುಸೋಲಿನ ಆಟ ಮತ್ತು ಮೊಬೈಲ್ ಆಟ ಬೇಡ. ಈ ಹತ್ತು ನಿಮಿಷ ನಿಮಗೆ ಮೂರು ನಿಷೇಧಗಳಿವೆ: ಅಪ್ಪಣೆ ಕೊಡುವಂತಿಲ್ಲ, ತಪ್ಪು ಎತ್ತುವಂತಿಲ್ಲ, ಪ್ರಶ್ನೆ ಕೇಳುವಂತಿಲ್ಲ. ಮೂರನೆಯದು ನಮಗೆ ಎಲ್ಲಕ್ಕಿಂತ ಕಷ್ಟ. 'ಇದು ಯಾವ ಬಣ್ಣ ಹೇಳು?', 'ಎಷ್ಟಿವೆ ಎಣಿಸು ನೋಡೋಣ' ಎಂದು ಪರೀಕ್ಷೆ ಮಾಡದೆ ಮಗುವಿನೊಡನೆ ಮಾತಾಡುವುದೇ ನಮಗೆ ರೂಢಿ ತಪ್ಪಿದೆ. ಬದಲಿಗೆ ಕ್ರಿಕೆಟ್ ವೀಕ್ಷಕ ವಿವರಣೆಗಾರರಂತೆ ಕಂಡದ್ದನ್ನು ಹೇಳುತ್ತ ಹೋಗಿ: 'ಕೆಂಪು ಡಬ್ಬಿ ಮೇಲೆ ನೀಲಿ ಡಬ್ಬಿ ಇಟ್ಟೆ. ಈಗ ಮುಚ್ಚಳ ಹುಡುಕ್ತಿದೀಯ.' ಮಗು ಹೇಳಿದ್ದನ್ನು ಮರಳಿ ಹೇಳಿ, ಅದು ಮಾಡಿದಂತೆ ನೀವೂ ಮಾಡಿ. ಒಂದೇ ಆಟದಲ್ಲಿ ಅರ್ಧ ನಿಮಿಷ ನಿಲ್ಲದ ಮಗು ಈ ಮಾತಿನ ಆಸರೆಯಲ್ಲಿ ಎರಡು ನಿಮಿಷ ನಿಲ್ಲುವುದನ್ನು ನೀವೇ ಕಾಣುವಿರಿ.

ಬ್ರಿಟನ್ನಿನ ಸೌತಾಂಪ್ಟನ್‌ನಲ್ಲಿ ಇದೇ ವಯಸ್ಸಿನ ಮಕ್ಕಳಿಗೆಂದು ಬೆಳೆದ ನ್ಯೂ ಫಾರೆಸ್ಟ್ ಕಾರ್ಯಕ್ರಮ ಆಟದ ಮೂಲಕವೇ ಕಾಯುವುದನ್ನೂ ತಡೆದುಕೊಳ್ಳುವುದನ್ನೂ ಕಲಿಸುತ್ತದೆ. ಅದಕ್ಕೆ ಬೇಕಾದ ಸಾಮಗ್ರಿ ನಮ್ಮ ಅಂಗಳದಲ್ಲೇ ಇದೆ. 'ಸ್ಟ್ಯಾಚ್ಯೂ' ಎಂದೊಡನೆ ಕಲ್ಲಿನಂತೆ ನಿಲ್ಲುವ ಆಟ, ಕಣ್ಣಾಮುಚ್ಚಾಲೆಯಲ್ಲಿ ಕಣ್ಣುಮುಚ್ಚಿ ಹತ್ತರವರೆಗೆ ಎಣಿಸುವುದು, ಸರದಿಯಂತೆ ಚೆಂಡು ಉರುಳಿಸುವುದು, ಇವೆಲ್ಲ ಅದೇ ಕಸರತ್ತುಗಳು. ಇವನ್ನು ಆ ಹತ್ತು ನಿಮಿಷದ ಹೊರಗೆ, ಸಂಜೆಯ ಹೊತ್ತಿನಲ್ಲಿ ಆಡಿಸಿ.

ಮೂರನೆಯ ಹೆಜ್ಜೆ: ಹೊಗಳಿಕೆಯನ್ನು ಕೆಲಸದ ಹೆಸರು ಹಿಡಿದು ಹೇಳಿ

'ಜಾಣಮರಿ', 'ನನ್ನ ಬಂಗಾರ' ಎಂಬ ಮಾತುಗಳಲ್ಲಿ ಪ್ರೀತಿಯಿದೆ, ಮಾಹಿತಿ ಇಲ್ಲ. 'ಕರೆದ ತಕ್ಷಣ ಬಂದೆ, ತುಂಬಾ ಇಷ್ಟವಾಯ್ತು' ಎಂದರೆ ಯಾವುದನ್ನು ಮತ್ತೆ ಮಾಡಬೇಕೆಂದು ಮಗುವಿಗೆ ತಿಳಿಯುತ್ತದೆ. ಹೊಗಳಿಕೆ ಆ ಕ್ಷಣದಲ್ಲೇ ಬರಬೇಕು. ತಡವಾಗಿ ಬರುವ ಫಲಕ್ಕಾಗಿ ಕಾಯಲಾರದಿರುವುದು ಈ ತೊಂದರೆಯಲ್ಲಿ ಸಾಮಾನ್ಯವಾಗಿರುವುದರಿಂದ ರಾತ್ರಿ ಅಪ್ಪ ಬಂದ ಮೇಲೆ ಹೇಳುವ ಮೆಚ್ಚುಗೆ ವ್ಯರ್ಥ.

ಮಗುವಿನ ಎದುರಿಗೇ ಹೊಗಳಿದರೆ ದೃಷ್ಟಿ ತಾಕುತ್ತದೆ, ತಲೆ ತಿರುಗುತ್ತದೆ ಎಂದು ಮನೆಯ ಹಿರಿಯರು ಅಡ್ಡಬರಬಹುದು. ವಾದಕ್ಕಿಳಿಯುವ ಬದಲು, ಹೊಗಳುತ್ತಿರುವುದು ಮಗುವನ್ನಲ್ಲ, ಅದು ಮಾಡಿದ ಕೆಲಸವನ್ನು ಎಂದು ತಿಳಿಸಿ. ದೃಷ್ಟಿ ತೆಗೆಯುವ ಕೆಲಸವನ್ನು ಬೇಕಿದ್ದರೆ ಅವರಿಗೇ ಬಿಟ್ಟುಕೊಡಿ. 'ಇವರಪ್ಪನೂ ಹೀಗೇ ಇದ್ದ' ಎಂದು ಅದೇ ಅಜ್ಜಿ ಹೇಳುವ ಮಾತನ್ನು ಮಾತ್ರ ಹಗುರವಾಗಿ ಕಾಣಬೇಡಿ. ಎಡಿಎಚ್‌ಡಿಯಲ್ಲಿ ವಂಶವಾಹಿಯ ಪಾಲು ದೊಡ್ಡದು. ತಂದೆಗೋ ತಾಯಿಗೋ ಅದೇ ಚಂಚಲತೆ ಉಳಿದಿದ್ದರೆ, ಇಲ್ಲಿ ಹೇಳಿದ್ದನ್ನೆಲ್ಲ ಶುರುಮಾಡುವುದು ಸುಲಭ, ನಾಲ್ಕನೇ ದಿನ ನೆನಪಿಟ್ಟುಕೊಳ್ಳುವುದು ಕಷ್ಟ. ಫ್ರಿಜ್ಜಿನ ಬಾಗಿಲಿಗೆ ಚೀಟಿ ಅಂಟಿಸಿ, ಮೊಬೈಲಿನಲ್ಲಿ ಅಲಾರಂ ಇಡಿ.

ನಾಲ್ಕನೆಯ ಹೆಜ್ಜೆ: ಅಪ್ಪಣೆಯ ಭಾಷೆಯನ್ನು ತಿದ್ದಿಕೊಳ್ಳಿ

ನಾವು ಮಕ್ಕಳಿಗೆ ಹೇಳುವ ಮಾತುಗಳನ್ನು ಒಂದು ದಿನ ರೆಕಾರ್ಡ್ ಮಾಡಿ ಕೇಳಿದರೆ ಅವುಗಳಲ್ಲಿ ಅಪ್ಪಣೆ ಎನ್ನುವಂಥದ್ದು ಕಡಿಮೆ. 'ಹೋಮ್‌ವರ್ಕ್ ಮಾಡ್ತೀಯಾ?' ಎಂಬುದು ಪ್ರಶ್ನೆ. 'ಇಲ್ಲ' ಎಂಬುದು ಅದಕ್ಕೆ ಸರಿಯಾದ ಉತ್ತರ. 'ಒದೆ ಬೇಕಾ?' ಎಂಬುದೂ ಪ್ರಶ್ನೆಯೇ. 'ಎಷ್ಟು ಸಲ ಹೇಳ್ಬೇಕು ನಿಂಗೆ' ಎಂಬುದು ಗೋಳು. 'ಗುಮ್ಮ ಬರ್ತಾನೆ', 'ಪೊಲೀಸ್ ಹಿಡ್ಕೊಂಡು ಹೋಗ್ತಾರೆ' ಎಂಬುದು ನಾಲ್ಕು ವರ್ಷದ ಮಗುವೂ ಬೇಗನೆ ಪತ್ತೆಹಚ್ಚುವ ಸುಳ್ಳು. 'ಸ್ವಲ್ಪ ಸರಿಯಾಗಿರು' ಎಂದರೆ ಏನು ಮಾಡಬೇಕೆಂದು ದೊಡ್ಡವರಿಗೂ ಗೊತ್ತಾಗುವುದಿಲ್ಲ.

ಬೇಡವಾದದ್ದನ್ನು ಹೇಳುವುದರಲ್ಲಿ ಕನ್ನಡಕ್ಕೆ ತನ್ನದೇ ಒಂದು ತೊಡಕಿದೆ. 'ಓಡಬೇಡ', 'ಹತ್ತಬೇಡ', 'ಮುಟ್ಟಬೇಡ' ಎನ್ನುವಾಗ ಕ್ರಿಯಾಪದ ಮೊದಲು ಬರುತ್ತದೆ, ನಿಷೇಧ ಬಾಲದಲ್ಲಿರುತ್ತದೆ. ಅರ್ಧ ಗಮನದಲ್ಲಿರುವ ಮಗುವಿನ ಕಿವಿಗೆ ಬೀಳುವುದು ಮೊದಲ ಅರ್ಧ. ಆದ್ದರಿಂದ ಏನು ಮಾಡಬೇಕೋ ಅದನ್ನೇ ಹೇಳಿ: 'ಓಡಬೇಡ' ಎಂಬುದಕ್ಕೆ 'ನನ್ನ ಕೈ ಹಿಡ್ಕೊಂಡು ನಡಿ', 'ಕಿರುಚಬೇಡ' ಎಂಬುದಕ್ಕೆ 'ಮೆಲ್ಲಗೆ ಮಾತಾಡು', 'ಸೋಫಾ ಮೇಲೆ ಹಾರಬೇಡ' ಎಂಬುದಕ್ಕೆ 'ಕಾಲು ನೆಲದ ಮೇಲಿಡು'.

ಹೇಳುವ ಕ್ರಮವೂ ಮುಖ್ಯ. ಕೈಗೆಟುಕುವಷ್ಟು ಹತ್ತಿರ ಹೋಗಿ, ಟಿವಿ ಆರಿಸಿ, ಮಗುವಿನ ಎತ್ತರಕ್ಕೆ ಬಗ್ಗಿ ಹೆಸರು ಕರೆಯಿರಿ. ಅದು ಮುಖ ನೋಡಿದ ಮೇಲೆ ಒಂದೇ ಒಂದು ಕೆಲಸವನ್ನು ಸಾಮಾನ್ಯ ದನಿಯಲ್ಲಿ ಹೇಳಿ. ಆಮೇಲೆ ಬಾಯಿ ಮುಚ್ಚಿಕೊಂಡು ಮನಸ್ಸಿನಲ್ಲಿ ಐದರವರೆಗೆ ಎಣಿಸಿ. ಮಾತನ್ನು ಪುನರುಚ್ಚರಿಸದ ಈ ಐದು ಸೆಕೆಂಡು ತರಬೇತಿಯ ಅತಿ ಉದ್ದದ ಐದು ಸೆಕೆಂಡು. ಮಗು ಎದ್ದರೆ ಆಗಲೇ ಮೆಚ್ಚಿ. ಏಳದಿದ್ದರೆ ಅದೇ ಮಾತನ್ನು ಒಂದು ಸಲ, ಪರಿಣಾಮವನ್ನೂ ಸೇರಿಸಿ ಹೇಳಿ: 'ಈಗ ಶೂ ಹಾಕ್ಕೊಂಡ್ರೆ ಬಾಗಿಲು ತೆಗೆಯೋ ಕೆಲಸ ನಿಂದು, ಇಲ್ಲಾಂದ್ರೆ ನಾನೇ ತೆಗೀತೀನಿ.' ಹೇಳಿದ್ದನ್ನು ನಡೆಸಿ. ನಡೆಸಲಾಗದ್ದನ್ನು ಹೇಳಲೇಬೇಡಿ, 'ನಿನ್ನನ್ನ ಇಲ್ಲೇ ಬಿಟ್ಟು ಊರಿಗೆ ಹೋಗ್ತೀನಿ' ಎಂಬುದನ್ನು ಯಾವ ತಾಯಿಯೂ ನಡೆಸಿಲ್ಲ.

ಐದನೆಯ ಹೆಜ್ಜೆ: ಮನೆಯನ್ನು ಹೊಂದಿಸಿ

ಎದ್ದಲ್ಲಿಂದ ವ್ಯಾನ್ ಹತ್ತುವವರೆಗಿನ ನಾಲ್ಕೈದು ಕೆಲಸಗಳ ಚಿತ್ರ ಬರೆದು ಗೋಡೆಗೆ ಅಂಟಿಸಿ. ಆಟ ನಿಲ್ಲಿಸಬೇಕಾದಾಗ ಐದು ನಿಮಿಷ ಮುಂಚೆ ಒಮ್ಮೆ, ಒಂದು ನಿಮಿಷ ಮುಂಚೆ ಒಮ್ಮೆ ತಿಳಿಸಿ. ಮೂರು ನಾಲ್ಕು ವರ್ಷದ ಮಗುವಿಗೆ ದಿನಕ್ಕೆ 10ರಿಂದ 13 ಗಂಟೆ ನಿದ್ದೆ, ಮೂರು ಗಂಟೆಯಷ್ಟು ಓಡಾಟ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಪರದೆಯ ಮುಂದೆ ಒಂದು ಗಂಟೆಗಿಂತ ಹೆಚ್ಚು ಕೂರಿಸಬಾರದು ಎಂಬುದರಲ್ಲಿ ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿಯೂ ಅದೇ ಅಭಿಪ್ರಾಯದ್ದು. ಸಕ್ಕರೆ ತಿಂದು ಮಗು ಹೀಗಾಗಿದೆ ಎಂಬುದನ್ನು ಪರೀಕ್ಷೆಗಳು ಸಮರ್ಥಿಸಿಲ್ಲ. ಹಲ್ಲಿನ ಸಲುವಾಗಿ ಬೇಕಿದ್ದರೆ ಚಾಕೊಲೇಟ್ ಕಡಿಮೆ ಮಾಡಿ.

ಆರನೆಯ ಹೆಜ್ಜೆ: ಒಂದೆರಡು ಗುರಿ, ಆಗಲೇ ಬಹುಮಾನ

ನೋಟ್‌ಬುಕ್ಕಿನಿಂದ ಒಂದೋ ಎರಡೋ ಗುರಿಗಳನ್ನಷ್ಟೇ ಆರಿಸಿಕೊಳ್ಳಿ. 'ಒಳ್ಳೆಯ ಹುಡುಗನಾಗಿರುವುದು' ಗುರಿಯಾಗದು. 'ಊಟ ಮುಗಿಯುವವರೆಗೆ ಮಣೆ ಬಿಟ್ಟು ಏಳದಿರುವುದು' ಆಗುತ್ತದೆ, ಅದೂ ಈಗ ಎರಡು ನಿಮಿಷ ಕೂರುವ ಮಗುವಿಗೆ ಮೊದಲು ನಾಲ್ಕು ನಿಮಿಷವೆಂದು. ಸಾಧಿಸಿದ ಕೂಡಲೇ ಕ್ಯಾಲೆಂಡರಿನ ಮೇಲೊಂದು ಸ್ಟಿಕರ್ ಅಂಟಿಸಿ, ಅದೇ ದಿನ ಅದಕ್ಕೊಂದು ಸಣ್ಣ ಬಹುಮಾನ ಕೊಡಿ: ರಾತ್ರಿ ಇನ್ನೊಂದು ಕಥೆ, ಅಪ್ಪನ ಬೆನ್ನಿನ ಮೇಲೆ ಸವಾರಿ. ತಿಂಗಳ ಕೊನೆಯ ಸೈಕಲ್ ಈ ವಯಸ್ಸಿಗೆ ಮುಂದಿನ ಜನ್ಮದಷ್ಟು ದೂರ. ಗಳಿಸಿದ ಸ್ಟಿಕರನ್ನು ಸಿಟ್ಟಿನಲ್ಲಿ ಕೀಳಬೇಡಿ.

ಏಳನೆಯ ಹೆಜ್ಜೆ: ಯಾವುದನ್ನು ಕಂಡೂ ಕಾಣದಂತಿರುವುದು, ಯಾವುದನ್ನು ತಡೆಯುವುದು

ರಾಗ ಎಳೆಯುವುದು, ರಚ್ಚೆ ಹಿಡಿಯುವುದು, ನೆಲದ ಮೇಲೆ ಹೊರಳುವುದು, ಇವು ನಿಮ್ಮ ಗಮನವನ್ನೇ ಉಂಡು ಬೆಳೆಯುತ್ತವೆ. ಮುಖ ತಿರುಗಿಸಿ, ಮಾತು ನಿಲ್ಲಿಸಿ, ಅಪಾಯವಿಲ್ಲವೆಂದು ಓರೆಗಣ್ಣಿನಲ್ಲಿ ನೋಡಿಕೊಳ್ಳುತ್ತ ನಿಮ್ಮ ಕೆಲಸ ಮುಂದುವರಿಸಿ; ಅಳು ನಿಂತ ಕ್ಷಣ ಮರಳಿ ಮಾತಾಡಿಸಿ. ಹೀಗೆ ಮಾಡಿದ ಮೊದಲ ದಿನಗಳಲ್ಲಿ ರಂಪ ಹೆಚ್ಚಾಗುತ್ತದೆ. ಇದುವರೆಗೆ ಕೆಲಸ ಮಾಡುತ್ತಿದ್ದ ಉಪಾಯ ಕೈಕೊಟ್ಟಾಗ ಮಗು ಅದನ್ನೇ ಇನ್ನೂ ಜೋರಾಗಿ ಪ್ರಯೋಗಿಸುವುದು ಸಹಜ. ಮೂರನೆಯ ದಿನ ಸೋತು ಮೊಬೈಲ್ ಕೊಟ್ಟರೆ ಮಗು ಕಲಿಯುವುದು ಇಷ್ಟೇ: ಇಪ್ಪತ್ತು ನಿಮಿಷ ಅತ್ತರೆ ಸಿಗುತ್ತದೆ.

ಹೊಡೆಯುವುದು, ಕಚ್ಚುವುದು, ವಸ್ತು ಎಸೆಯುವುದು ಬೇರೆ. ಇವಕ್ಕೆ ಮುಂಚೆಯೇ ತಿಳಿಸಿಟ್ಟ ಒಂದು ಕುರ್ಚಿಯಲ್ಲಿ ಮೂರು ನಿಮಿಷ, ಮಾತಿಲ್ಲದೆ, ಬೈಗುಳವಿಲ್ಲದೆ ಕೂರಿಸುವ ಕ್ರಮವಿದೆ. ಅಲುಗಾಡದೆ ಕೂರಬೇಕೆಂದು ಅತಿಚಟುವಟಿಕೆಯ ಮಗುವನ್ನು ಕೇಳಬೇಡಿ, ಕುರ್ಚಿ ಬಿಟ್ಟು ಏಳದಿದ್ದರೆ ಸಾಕು. ಬಚ್ಚಲಲ್ಲಿ ಕೂಡಿಹಾಕುವುದು, ಕತ್ತಲೆಕೋಣೆಗೆ ತಳ್ಳುವುದು ಈ ಕ್ರಮಕ್ಕೆ ಸಂಬಂಧವಿಲ್ಲದ ಕ್ರೌರ್ಯ. ಎರಡನೆಯ ಹೆಜ್ಜೆ ನೆಲೆಗೊಳ್ಳುವ ಮುನ್ನ ಈ ಕುರ್ಚಿಯನ್ನು ಬಳಸಬಾರದು. ಆಟದ ಸವಿ ಗೊತ್ತಿಲ್ಲದ ಮಗುವಿಗೆ ಆಟದಿಂದ ದೂರವಿರುವುದು ಶಿಕ್ಷೆಯೇ ಅಲ್ಲ. ಪೆಟ್ಟಿನ ಬಗ್ಗೆ ಹೇಳುವುದಾದರೆ, ಅದು ಆ ಕ್ಷಣವನ್ನು ನಿಲ್ಲಿಸುತ್ತದೆ, ಮುಂದಿನ ವಾರ ತಂಗಿಯ ಬೆನ್ನಿನ ಮೇಲೆ ಅದೇ ಕೈ ಮರಳಿ ಬರುತ್ತದೆ.

ಮನೆಯ ಹೊರಗೆ

ಮದುವೆ ಛತ್ರ, ದೇವಸ್ಥಾನ, ಬಸ್ಸು ಈ ಎಲ್ಲಕ್ಕೂ ಒಂದೇ ಸೂತ್ರ. ಛತ್ರದ ಬಾಗಿಲಲ್ಲಿ, ಒಳಗೆ ಕಾಲಿಡುವ ಮುಂಚೆ ನಿಂತು, ಎರಡು ನಿಯಮ ಹೇಳಿ ಮಗುವಿನ ಬಾಯಲ್ಲಿ ಹೇಳಿಸಿ: 'ನನ್ನ ಕಣ್ಣಿಗೆ ಕಾಣೋ ಹಾಗಿರಬೇಕು, ಮಂಟಪ ಹತ್ತಬಾರದು ಅಂದ್ರೆ ಕೆಳಗೇ ಇರಬೇಕು.' ಕೈಗೊಂದು ಕೆಲಸ ಕೊಡಿ. ಪಂಕ್ತಿಯಲ್ಲಿ ಲೋಟ ಹಂಚುವ ಮಗು ಪಂಕ್ತಿಯ ನಡುವೆ ಓಡುವುದಿಲ್ಲ. ಮುಹೂರ್ತದಿಂದ ಊಟದವರೆಗೆ ಕೂರಿಸುವ ಆಸೆ ಬಿಟ್ಟು, ಅರ್ಧ ಗಂಟೆಗೊಮ್ಮೆ ಹೊರಗೆ ಓಡಿಸಿ ಕರೆತನ್ನಿ. ನೆಂಟರು ಏನಾದರೂ ಅಂದುಕೊಳ್ಳಲಿ.

ಅಂಗನವಾಡಿ ಕಾರ್ಯಕರ್ತೆಗೋ ಎಲ್‌ಕೆಜಿ ಶಿಕ್ಷಕಿಗೋ ನಿಮ್ಮ ಗುರಿಯನ್ನು ತಿಳಿಸಿ, ಮಗುವನ್ನು ಅವರ ಹತ್ತಿರ ಕೂರಿಸಲು, ಸ್ಲೇಟು ಹಂಚುವಂಥ ಕೆಲಸ ಕೊಡಲು ಕೇಳಿ. ಮನೆಯೊಳಗೆ ಅಜ್ಜ ಒಂದು, ಅಮ್ಮ ಇನ್ನೊಂದು ಹೇಳಿದರೆ ಕ್ರಮ ಬೇಗ ಸಡಿಲವಾಗುತ್ತದೆ. ಎಲ್ಲ ಏಳು ಹೆಜ್ಜೆಗಳನ್ನೂ ಎಲ್ಲರಿಗೂ ಒಪ್ಪಿಸಲಾಗದಿದ್ದರೆ ಒಂದನ್ನಾದರೂ, 'ಅತ್ತಾಗ ಮೊಬೈಲ್ ಕೊಡುವುದಿಲ್ಲ' ಎಂಬುದನ್ನು ಒಪ್ಪಿಸಿ.

ನೆರವು ಎಲ್ಲಿದೆ

ಪುಸ್ತಕ ಓದಿ ಈಜು ಕಲಿಯಲಾಗದಂತೆ, ಇದನ್ನೂ ಯಾರಾದರೂ ನೋಡಿ ತಿದ್ದಿದರೆ ಬೇಗ ಬರುತ್ತದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಪಾಸಣೆಯ ಪಟ್ಟಿಯಲ್ಲಿ ಎಡಿಎಚ್‌ಡಿಯೂ ಸೇರಿದೆ. ಅದರ ತಂಡಗಳು ವರ್ಷಕ್ಕೆರಡು ಬಾರಿ ಅಂಗನವಾಡಿಗೆ ಬರಬೇಕು, ಗುರುತಿಸಿದ ಮಕ್ಕಳನ್ನು ಜಿಲ್ಲಾ ಶೀಘ್ರ ಪತ್ತೆ ಮತ್ತು ಚಿಕಿತ್ಸಾ ಕೇಂದ್ರಕ್ಕೆ ಕಳಿಸಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮತ್ತು ಹದಿಹರೆಯದವರ ಮನೋವೈದ್ಯಕೀಯ ವಿಭಾಗವಿದೆ. ಮಾತು ಮತ್ತು ಕಿವಿಯ ಪರೀಕ್ಷೆಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೋಗಬಹುದು. ದೂರದ ಊರಿನವರು 14416ಕ್ಕೆ ಕರೆ ಮಾಡಿ ಟೆಲಿ ಮಾನಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ದೂರವಾಣಿ ಸೇವೆಯಲ್ಲಿ ಕನ್ನಡದಲ್ಲೇ ಮಾತಾಡಬಹುದು.

ಎರಡು ಮೂರು ತಿಂಗಳು ಕ್ರಮವಾಗಿ ಮಾಡಿದ ಮೇಲೂ ಮಗು ರಸ್ತೆಗೆ ನುಗ್ಗುತ್ತಿದ್ದರೆ, ಪೆಟ್ಟುಮಾಡಿಕೊಳ್ಳುತ್ತಿದ್ದರೆ, ಯಾವ ಶಾಲೆಯೂ ಇಟ್ಟುಕೊಳ್ಳದಂತಾದರೆ ಔಷಧಿಯ ಮಾತು ಬರುತ್ತದೆ. 2006ರಲ್ಲಿ ಫಲಿತಾಂಶ ಪ್ರಕಟಿಸಿದ ಅಮೆರಿಕದ ಒಂದು ದೊಡ್ಡ ಅಧ್ಯಯನ ಮೂರರಿಂದ ಐದೂವರೆ ವರ್ಷದ 303 ಮಕ್ಕಳನ್ನು ಸೇರಿಸಿಕೊಂಡು, ಮೊದಲು ಹತ್ತು ವಾರ ಪೋಷಕರ ತರಬೇತಿ ಕೊಟ್ಟು, ಆಮೇಲಷ್ಟೇ ಮಿಥೈಲ್‌ಫೆನಿಡೇಟ್ ಎಂಬ ಎಡಿಎಚ್‌ಡಿ ಔಷಧಿಯನ್ನು ಪ್ರಯೋಗಿಸಿತು. ಔಷಧಿ ಉಪಯೋಗಕ್ಕೆ ಬಂತು, ಆದರೆ ದೊಡ್ಡ ಮಕ್ಕಳಲ್ಲಿ ಕಾಣುವಷ್ಟಲ್ಲ. ಹಸಿವು ಕುಗ್ಗುವುದು, ಸಿಡುಕು ಮುಂತಾದ ತೊಂದರೆಗಳಿಂದ ಹತ್ತರಲ್ಲಿ ಒಂದರಷ್ಟು ಮಕ್ಕಳು ಅದನ್ನು ಬಿಡಬೇಕಾಯಿತು. ಹಾಗಾಗಿ ಈ ನಿರ್ಧಾರ ಮಕ್ಕಳ ಮನೋವೈದ್ಯರದಾಗಿರಬೇಕು. ಅವರ ಬಳಿ ಹೋಗುವಾಗ ಮೊದಲ ವಾರ ಬರೆದ ನೋಟ್‌ಬುಕ್ಕನ್ನೂ, ಹತ್ತನೆಯ ವಾರ ಅದೇ ಮೂರು ಅಂಕಣಗಳಲ್ಲಿ ಬರೆದ ಪುಟಗಳನ್ನೂ ಜೊತೆಗೆ ಒಯ್ಯಿರಿ. ಎಂಟೂ ಹತ್ತರಿಂದ ಎಂಟೂ ಇಪ್ಪತ್ತರವರೆಗೆ ಈಗ ಏನು ನಡೆಯುತ್ತಿದೆ ಎಂದು ಅವರು ಕೇಳುತ್ತಾರೆ.